ಎಂಜಲಾದ ಪೈಂಟ್

ಐರ್ಲೆಂಡಿನ ಕಿಲ್ಕೆನ್ನಿಯ ಶನಿವಾರದ ಸಂತೆ ಮಧ್ಯಾಹ್ನ ಎರಡೂವರೆಗೆ ಮುಗಿಯುತ್ತಿತ್ತು. ಓದಲು ಬಂದು ಇಲ್ಲೇ ಕೆಲಸ ಹಿಡಿದಿದ್ದ ನಾನು ಶನಿವಾರ ಮಾತ್ರ ಅಕ್ಕನ ದೋಸೆ ಅಂಗಡಿಯಲ್ಲಿ ಚಟ್ನಿ ಬಡಿಸಲು ನಿಲ್ಲುತ್ತಿದ್ದೆ. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಇಲ್ಲಿನ ಡಾಕ್ಟರೊಬ್ಬರ ಹೆಂಡತಿ, ದಾವಣಗೆರೆಯವರು. ಅಂಗಡಿ ಹಾಕಿ ಆಗಿನ್ನೂ ಆರನೇ ವಾರ.

ಸಾಮಾನು ವ್ಯಾನಿಗೆ ತುಂಬಿದ ಮೇಲೆ ವ್ಯಾಪಾರಿಗಳೆಲ್ಲ ಪಕ್ಕದ ಪಬ್ಬಿನಲ್ಲಿ ಸೇರುವುದು ವಾಡಿಕೆ. ನಾವೂ ಹೋಗುತ್ತಿದ್ದೆವು, ಕಿತ್ತಳೆ ಜ್ಯೂಸ್ ಕುಡಿಯಲು. ದಣಿದ ಕಾಲು ಚಾಚಿ ಅವರ ಹರಟೆ ಕೇಳುತ್ತ ಕೂರುವ ಆ ಒಂದು ಗಂಟೆ ನನಗೆ ಇಡೀ ವಾರದಲ್ಲೇ ಪ್ರಿಯವಾದದ್ದು.

ಆ ದಿನ ನಮ್ಮ ಮೇಜಿನಲ್ಲಿ ಮೀನಿನಾತನೂ ಚೀಸಿನಾತನೂ ಇದ್ದರು. ಇಬ್ಬರೂ ಐವತ್ತು ದಾಟಿದವರು, ಒಂದೇ ಶಾಲೆಯಲ್ಲಿ ಓದಿದವರು. ಬೆಳಿಗ್ಗೆಯೇ ಸಣ್ಣ ಮುನಿಸು ಹುಟ್ಟಿತ್ತು. ಗೇಟಿನ ಬಳಿ ಸೂರಿನಡಿಯ ಜಾಗ ವರ್ಷಗಳಿಂದ ಮೀನಿನಾತನದು. ಅವತ್ತು ಚೀಸಿನಾತ ಮೊದಲು ಬಂದು ಅಲ್ಲಿ ಅಂಗಡಿ ಹರಡಿದ್ದ.

ಮೀನಿನಾತ ವ್ಯಾನನ್ನು ಬೇರೆಡೆ ನಿಲ್ಲಿಸಿ ಬರಲು ಎದ್ದ. ಅರ್ಧ ಕುಡಿದ ಪೈಂಟಿನ, ಅಂದರೆ ದೊಡ್ಡ ಬಿಯರ್ ಗ್ಲಾಸಿನ, ಬಾಯಿಗೆ ರಟ್ಟಿನ ಬಿಲ್ಲೆ ಮುಚ್ಚಿಟ್ಟ. ವಾಪಸ್ ಬರುತ್ತೇನೆ, ಮುಟ್ಟಬೇಡಿ ಎಂದು ಅದರ ಅರ್ಥ. ನಮಗದು ಗೊತ್ತಿರಲಿಲ್ಲ, ನೊಣ ಬೀಳದಿರಲೆಂದು ಮುಚ್ಚಿದ್ದಾನೆ ಅಂದುಕೊಂಡೆವು. ಅಷ್ಟರಲ್ಲಿ ಚೀಸಿನಾತ, ಹಿಂದಿನ ಮೇಜಿನವರ ಜೊತೆ ಮಾತಾಡುತ್ತಲೇ, ಕೈಗೆ ಸಿಕ್ಕ ಅದೇ ಗ್ಲಾಸಿನ ಬಿಲ್ಲೆ ಸರಿಸಿ ಒಂದು ಗುಟುಕು ಕುಡಿದು ಇಟ್ಟ.

“ಅಯ್ಯೋ, ಎಂಜಲು ಮಾಡಿಬಿಟ್ಟನಲ್ಲೇ!” ಅಕ್ಕ ಪಿಸುಗುಟ್ಟಿದರು. “ಆತ ಬಂದು ಅದನ್ನೇ ಕುಡೀತಾನೆ, ಪಾಪ. ತಡಿ, ಬೇರೆ ತರಿಸ್ತೀನಿ.”

“ಇವನಿಗೆ ಒಂದ್ಮಾತು ಹೇಳಿಬಿಡಿ ಅಕ್ಕ.”

“ಸುಮ್ನಿರೇ, ಎಲ್ಲರ ಮುಂದೆ ಮರ್ಯಾದೆ ಹೋಗುತ್ತೆ ಅವಂದು.”

ಅಕ್ಕ ಗ್ಲಾಸನ್ನು ಕೌಂಟರಿಗೆ ಒಯ್ದರು. ಪಬ್ಬಿನಾಕೆ ಹಳೆಯದನ್ನು ಚೆಲ್ಲಿ, ಹೊಸದನ್ನು ಮುಕ್ಕಾಲು ತುಂಬಿ, ನೊರೆ ಇಳಿಯಲೆಂದು ಅಲ್ಲೇ ಬಿಟ್ಟು ಒಳಗೆ ಹೋದಳು. ಆ ಕಪ್ಪು ಬಿಯರನ್ನು ಒಂದೇ ಸಲಕ್ಕೆ ತುಂಬುವ ಹಾಗಿಲ್ಲ. ಅಕ್ಕ ಕೈ ತೊಳೆಯಲು ಹೋದರು.

ಮೀನಿನಾತ ಬಂದ. ಬಿಲ್ಲೆ ಇತ್ತು, ಗ್ಲಾಸಿರಲಿಲ್ಲ. ಅವರಾಡಿದ ಮಾತು ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿದೆ.

“ನನ್ನ ಪೈಂಟ್ ಎಲ್ಲೋ?”

“ಬೆಕ್ಕು ಕುಡಿದಿರಬೇಕು,” ಚೀಸಿನಾತ ನಕ್ಕ.

“ಬೆಳಿಗ್ಗೆ ಜಾಗ ನುಂಗಿದೆ, ಈಗ ಇದನ್ನೂ ನುಂಗಿದೆಯಾ?”

“ಹೋಗೋ! ಮೀನು ನಾರ್ತಿದೀಯ, ದೂರ ನಿಂತು ಮಾತಾಡು.”

ಅಷ್ಟೇ. ಮೇಜು ಮಗುಚಿತು. ಮರುಕ್ಷಣ ಚೀಸಿನಾತ ಗೋಡೆಗೆ ಆತುಕೊಂಡಿದ್ದ, ಕಿವಿಯಿಂದ ರಕ್ತ ಇಳಿಯುತ್ತಿತ್ತು. ಮೀನಿನಾತನ ಕೈಯಲ್ಲಿ ನನ್ನ ಜ್ಯೂಸಿನ ಗ್ಲಾಸಿನ ಒಡೆದ ಬುಡ. ಅದಕ್ಕೂ ಚೀಸಿನಾತನ ಕುತ್ತಿಗೆಗೂ ಒಂದು ಗೇಣು ದೂರ.

ನನಗೆ ನಿಜ ಗೊತ್ತಿತ್ತು. ಹೇಳಲಿಲ್ಲ. ಹೇಳಿದರೆ ಸಂತೆಯವರೆಲ್ಲ ಅಕ್ಕನ ಮೇಲೆ ತಿರುಗಿಬಿದ್ದಾರು, ಅಂಗಡಿ ಎತ್ತಿಸಿಯಾರು ಎಂದು ಯೋಚಿಸುತ್ತಿದ್ದೆ, ಒಬ್ಬ ಮನುಷ್ಯನ ಕತ್ತು ಅಲ್ಲಿರುವಾಗ. ಎಷ್ಟು ಹೊತ್ತು? ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಇವತ್ತಿಗೂ ಎಣಿಸುತ್ತೇನೆ. ಒಮ್ಮೆ ಮೂರು ಸೆಕೆಂಡು ಅನಿಸುತ್ತದೆ, ಒಮ್ಮೆ ಹತ್ತು.

“ನಾವು ತೆಗೆದಿದ್ದು! ನಾವು!” ಎಂದು ಕೊನೆಗೆ ಕಿರುಚಿದೆ, ಕನ್ನಡದಲ್ಲಿ. ಯಾರಿಗೂ ಅರ್ಥವಾಗಲಿಲ್ಲ, ಆದರೆ ಆತ ತಿರುಗಿ ನೋಡಿದ. ಕೌಂಟರಿನ ಮೇಲಿದ್ದ ಗ್ಲಾಸನ್ನು ತೋರಿಸಿದೆ. ಒದ್ದೆ ಕೈಯಲ್ಲೇ ಓಡಿಬಂದ ಅಕ್ಕ ಇಂಗ್ಲಿಷಿನಲ್ಲಿ ಹೇಳಿದರು: “ಇವರು ಬಾಯಿ ಹಾಕಿಬಿಟ್ಟಿದ್ರು. ನಮ್ಮಲ್ಲಿ ಒಬ್ಬರ ಎಂಜಲು ಇನ್ನೊಬ್ಬರಿಗೆ ಕುಡಿಸಲ್ಲ. ಅದಕ್ಕೇ ಚೆಲ್ಲಿಸಿದೆ.”

ಮೀನಿನಾತ ತನ್ನ ಕೈ ನೋಡಿಕೊಂಡ. ಗಾಜನ್ನು ಮೊಟ್ಟೆ ಇಡುವಂತೆ ಮೆಲ್ಲಗೆ ನೆಲದ ಮೇಲಿಟ್ಟ. “ಹನ್ನೆರಡನೇ ವಯಸ್ಸಿಂದ ಒಂದೇ ಬಾಟಲಿಯಲ್ಲಿ ಕುಡಿದಿದೀವಮ್ಮ ನಾವು,” ಎಂದ. ಪಬ್ಬಿನಾಕೆ ಇಬ್ಬರನ್ನೂ ಬೈದು ಹೊರಗೆ ಹಾಕಿದಳು. ಕಿವಿಗೆ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಮೀನಿನಾತನೇ.

ಮುಂದಿನ ಶನಿವಾರ ಚೀಸಿನಾತ ಕಿವಿಯ ಹೊಲಿಗೆಯೊಂದಿಗೆ ದೋಸೆಗೆ ಬಂದ. ನಾನು ತಡೆಯಲಾರದೆ ಹೇಳಿಬಿಟ್ಟೆ: “ನನಗೆ ಮೊದಲೇ ಗೊತ್ತಿತ್ತು. ಹೆದರಿ ಸುಮ್ಮನಿದ್ದೆ.”

ಆತ ದೋಸೆ ಮುರಿದ. “ನಿಜ ಹೇಳ್ಲಾ? ನಾನೇ ಪೂರ್ತಿ ಕುಡಿದುಬಿಟ್ಟೆನೇನೋ ಅಂತ ನನಗೂ ಅನುಮಾನ ಇತ್ತು. ಅದಕ್ಕೇ ಅಷ್ಟು ಜೋರು ಮಾಡಿದ್ದು.” ಆಮೇಲೆ, “ಮುಂದಿನ ಸಲ ಸ್ವಲ್ಪ ಬೇಗ ಕಿರುಚು ತಾಯಿ,” ಎಂದ.

ಆಗಲಿ ಎಂದೆ. ನಗು ಬಂತು. ಆ ನಗುವಿನಲ್ಲೇ ಬಡಿಸಿದ ಚಟ್ನಿ ಆತನ ತೋಳಿನ ಮೇಲೆ ಬಿತ್ತು. “ಗ್ರ್ಯಾಂಡ್, ಗ್ರ್ಯಾಂಡ್,” ಎಂದು ಇಲ್ಲಿನವರ ರೀತಿಯಲ್ಲಿ ‘ಪರವಾಗಿಲ್ಲ’ ಎನ್ನುತ್ತ ಅದನ್ನೂ ದೋಸೆಯಲ್ಲೇ ಒರೆಸಿಕೊಂಡು ತಿಂದ.