ಬಂಗಾರೆವ್ವನ ರೊಟ್ಟಿ ಮೇಜು

ಬಾಗಲಕೋಟೆಯಲ್ಲಿ ಖಾನಾವಳಿ ನಡೆಸಿ ಊರಿಗೆಲ್ಲ ಉಣಬಡಿಸಿದ ಬಂಗಾರೆವ್ವನಿಗೆ ಅಮೆರಿಕದ ಫ್ರೀಮಾಂಟಿನ ಮಗನ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಮೊಣಕಾಲಿನ ಆಪರೇಶನ್ ಆದಮೇಲೆ ಡಾಕ್ಟರು, ಇನ್ನು ನೆಲಕ್ಕೆ ಕೂರುವಂತಿಲ್ಲ ಎಂದುಬಿಟ್ಟರು. ನೆಲಕ್ಕೆ ಕೂರದೆ ಜೋಳದ ರೊಟ್ಟಿ ಬಡಿಯುವುದು ಹೇಗೆ? ಕಿಚನ್ ಕೌಂಟರಿನ ಮುಂದೆ ನಿಂತು ಬಡಿದರೆ ಹೆಗಲು ಹಿಡಿಯುತ್ತಿತ್ತು, ರೊಟ್ಟಿಯ ಅಂಚು ಬಿರಿಯುತ್ತಿತ್ತು. ಸೊಸೆ ಆರತಿ, ಪಾಪ, ಗ್ರೋಸರಿಯಿಂದ ಪ್ಯಾಕೆಟ್ ರೊಟ್ಟಿ ತಂದಳು.

"ಇದು ತಿನ್ನೂದಲ್ಲವ್ವಾ, ಮನಿ ಮ್ಯಾಲ ಹೊದಸೂದು," ಎಂದಳು ಬಂಗಾರೆವ್ವ. ಮಾತಿಗೆ ನಕ್ಕರೂ ಒಳಗೆ ಕುಸಿದಿದ್ದಳು. ರೊಟ್ಟಿ ಬಡಿಯದ ಮೇಲೆ ತಾನು ಯಾರು ಎಂಬುದೇ ಅವಳಿಗೆ ತಿಳಿಯದಾಗಿತ್ತು.

ಪಕ್ಕದ ಮನೆಯ ಜೋನ್ ಇಶಿದಾಗೆ ಎಪ್ಪತ್ತು ದಾಟಿದೆ. ಅಜ್ಜ ಜಪಾನಿನಿಂದ ಬಂದ ಬಡಗಿ. ಹಿತ್ತಲ ಶೆಡ್ಡಿನಲ್ಲಿ ಕುರ್ಚಿ, ಮೇಜು ಮಾಡುವುದು ಅವಳ ಕಸುಬು. ಬೇಲಿ ದಾಟಿ ಬರುತ್ತಿದ್ದ ಬಿಸಿ ರೊಟ್ಟಿ ಯಾಕೆ ನಿಂತಿತೆಂದು ಕೇಳಲು ಒಂದು ಶನಿವಾರ ಬಂದಳು. ಆರತಿ ವಿಷಯ ಹೇಳಿದ್ದೇ ತಡ, ಶೆಡ್ಡಿನಿಂದ ಹಲಗೆಯೊಂದನ್ನು ಹೊತ್ತು ತಂದಳು. ಬಂಗಾರೆವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಹಲಗೆಯ ಕೆಳಗೆ ರಟ್ಟಿನ ಡಬ್ಬಿ, ಹಳೆ ಪುಸ್ತಕ ಒಟ್ಟಿ, ಬಡಿ ಎಂದು ಕೈಸನ್ನೆ ಮಾಡಿದಳು. ಅವಳ ಹೆಗಲನ್ನೇ ನೋಡುತ್ತ ಪುಸ್ತಕ ತೆಗೆದಳು, ಇಟ್ಟಳು, ಮತ್ತೆ ತೆಗೆದಳು.

"ಹಿಟ್ಟಿಲ್ಲದ ರೊಟ್ಟಿ ಬಡಸಾಕತ್ತಾಳ ನೋಡು ಈ ಮುದುಕಿ!" ಎಂದು ಬಂಗಾರೆವ್ವ ಗೊಣಗಿದಳು. ಆದರೆ ಹೆಗಲು ಸಡಿಲಾದದ್ದು ಅವಳಿಗೂ ಗೊತ್ತಾಯಿತು.

ಕೆಲವು ವಾರಗಳಲ್ಲಿ ಮೇಪಲ್ ಮರದ ಗಿಡ್ಡ ಮೇಜು ಬಂತು. ಒಂದೂ ಮೊಳೆಯಿಲ್ಲ. ಜೋನ್ ಎದುರಿಗೇ ಬಡಿದ ಮೊದಲ ರೊಟ್ಟಿ ಅಂಚು ಬಿರಿಯದೆ ಹೆಂಚಿಗೆ ಹೋಯಿತು. ಬಂಗಾರೆವ್ವನ ಕಣ್ಣು ತುಂಬಿ ಬಂತು.

ಆಮೇಲೆ ಬಂಗಾರೆವ್ವನ ಹಟ ಶುರುವಾಯಿತು. ಬಾಗಲಕೋಟೆಯ ಅವಳ ಮನೆಯಲ್ಲಿ ಕೊಟ್ಟವರ ಹೆಸರು ಕೊರೆಸದ ಒಂದು ತಾಟೂ ಇಲ್ಲ.

"ನಾಳಿ ಹುಡುಗ್ರು ಯಾರು ಕೊಟ್ರು ಅಂತ ಕೇಳಿದ್ರ ಏನ್ ಹೇಳ್ಲಿ? ಜೋನವ್ವಗ ಹೆಸರು ಕೊರಿ ಅಂತ ಹೇಳು, ಆರತಿ."

ಜೋನ್ ಒಪ್ಪಲಿಲ್ಲ. ದಿನಬಳಕೆಯ ವಸ್ತುವಿಗೆ ಮಾಡಿದವರ ಹೆಸರು ಬೇಡ, ಬಳಸುವವರ ಕೈಗೆ ಒಗ್ಗಿದರೆ ಸಾಕು ಎಂಬುದು ಅವಳು ಅಜ್ಜನಿಂದ ಕಲಿತ ರೀತಿ. ಜಪಾನಿನ ಈ ಜನಪದ ಕಸುಬಿಗೆ ಮಿಂಗೇ ಎನ್ನುತ್ತಾರೆ. ಅವಳು ಬಿಸಿ ರೊಟ್ಟಿಯನ್ನೆತ್ತಿ ಆ ಕಡೆ ಈ ಕಡೆ ತಿರುಗಿಸಿ ನೋಡಿ ಏನೋ ಕೇಳಿದಳು.

ಆರತಿಗೆ ನಗು ಬಂತು. "ಅತ್ತಿ, ಇದರಾಗ ನಿಮ್ಮ ಹೆಸರು ಎಲ್ಲೈತಿ ಅಂತ ಕೇಳಾಕತ್ತಾರ."

"ರೊಟ್ಟಿ ಮ್ಯಾಲ ಯಾರರ ಹೆಸರು ಬರೀತಾರೇನು? ನನ್ನ ಬೆರಳು ಮೂಡ್ಯಾವಲ್ಲ, ಸಾಕು."

ಆರತಿ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಲೇ ಜೋನ್, ಬಂಗಾರೆವ್ವನ ಕೈ ಹಿಡಿದು ಮೇಜಿನ ಅಡಿಗೆ ಒಯ್ದಳು. ಮೇಲೆ ನುಣುಪಾಗಿದ್ದ ಮರ ಕೆಳಗೆ ಸಣ್ಣಗೆ ಅಲೆಅಲೆಯಾಗಿತ್ತು. ಮರ ಹೆರೆಯಲು ಜೋನ್ ಕೀಸುಳಿ ಎಳೆದೆಳೆದು ಉಳಿದ ಗುರುತುಗಳು. ಹಿಟ್ಟು ಮೆತ್ತಿದ ಬೆರಳುಗಳು ಅವುಗಳ ಮೇಲೆ ನಿಧಾನವಾಗಿ ಹರಿದಾಡಿದವು. ಇಂಥವಳು ನೆರೆಮನೆಯಲ್ಲಿ ಸಿಕ್ಕಿದ್ದು ತನ್ನ ಪುಣ್ಯವೆನಿಸಿತು ಬಂಗಾರೆವ್ವನಿಗೆ.

"ಹೆಸರು ಸಿಕ್ತು ಬಿಡು," ಎಂದಳು. "ಇಲ್ಲೇ ಅದಾಳ ಜೋನವ್ವ. ಕೂಡಂತ ಹೇಳು ಆಕಿಗೆ, ಇನ್ನೊಂದು ಬಿಸೇದು ಬಡೀತೀನಿ."