ಗುಂಡಿ ಅಕ್ಕನ ಅಡಾಪ್ಟರ್ ಡಬ್ಬ

ಮಾರುಕಟ್ಟೆಯ ಮೂಲೆಯಲ್ಲಿ ಅಂಗಿಯ ಗುಂಡಿ ಮಾರುವವಳನ್ನು ಎಲ್ಲರೂ ಗುಂಡಿ ಅಕ್ಕ ಎಂದೇ ಕರೆಯುತ್ತಿದ್ದರು. ಗುಂಡಿಗಳ ಜೊತೆಗೆ ಅವಳಲ್ಲಿ ಹಳೆಯ ಅಡಾಪ್ಟರ್‌ಗಳ ಡಬ್ಬವೊಂದಿತ್ತು. ಒಂದೊಂದರ ಕೊರಳಿಗೂ ಬಟ್ಟೆಯ ಚೀಟಿ; ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂಬ ವಿವರ ಅದರ ಮೇಲೆ. ಅಡಾಪ್ಟರ್ ಕಳೆದುಕೊಂಡವರು ಅವಳ ಹತ್ತಿರ ಬಂದು, ಬೈಸಿಕೊಂಡೇ ಹೋಗುತ್ತಿದ್ದರು. ಪಿನ್ನು ಕೂತರೆ ಸಾಕು ಎಂದವರನ್ನಂತೂ ಅವಳು ನೀರಿಳಿಸಿ ಕಳಿಸುತ್ತಿದ್ದಳು.

ಈ ಶಿಸ್ತು ಪುಕ್ಕಟೆ ಬಂದದ್ದಲ್ಲ. ಆರು ವರ್ಷದ ಹಿಂದೆ, ಪಿನ್ನು ಕೂತಿತಲ್ಲ ಎಂದು, ತಮ್ಮ ನುಡಿಸುವ ಕೀಬೋರ್ಡಿಗೆ ಟಿವಿಯ ಸೆಟ್ ಟಾಪ್ ಬಾಕ್ಸಿನ ಅಡಾಪ್ಟರ್ ಚುಚ್ಚಿದವಳು ಈ ಮಹಾತಾಯಿಯೇ. ಚಿಟ್ಟೆಂದಿತು, ಸುಟ್ಟ ವಾಸನೆ ಬಂತು, ಅಷ್ಟೇ. ಬಸ್ಸು ಓಡಿಸುವ ತಮ್ಮ ಸುಟ್ಟದ್ದನ್ನು ಗುಜರಿಗೆ ಹಾಕಿದ. ಹೊಸದು ಕೊಂಡ ಮೇಲೆ ಅವಳನ್ನು ಅದರ ಹತ್ತಿರ ಸುಳಿಯಗೊಡಲಿಲ್ಲ.

ಇವತ್ತು ಅವನ ನಿವೃತ್ತಿ. ಡಿಪೋದ ಸಭಾಂಗಣದಲ್ಲಿ ಐದು ಗಂಟೆಗೆ ಮೊದಲ ಸಲ ಜನರ ಮುಂದೆ ನುಡಿಸಬೇಕು. ನಾಲ್ಕೂವರೆಗೆ ಚೀಲ ಬಿಚ್ಚಿದರೆ ಅಡಾಪ್ಟರೇ ಇಲ್ಲ! ಬ್ಯಾಟರಿ ಗೂಡು ತುಕ್ಕು ಹಿಡಿದು ಯಾವ ಕಾಲವಾಗಿತ್ತೋ. ಬೇರೆ ದಾರಿ ಕಾಣದೆ ಅಕ್ಕನಿಗೆ ಫೋನು ಮಾಡಿದ. ಅವಳು ಅಂಗಡಿಯ ಬಾಗಿಲು ಎಳೆದು, ಡಬ್ಬ ಕಂಕುಳಲ್ಲಿಟ್ಟುಕೊಂಡು ಓಡಿಬಂದಳು.

ಅಷ್ಟರಲ್ಲಿ ಡಿಪೋದ ಮೆಕ್ಯಾನಿಕ್ ಒಬ್ಬ ಕಚೇರಿಯ ವೈಫೈ ಅಡಾಪ್ಟರ್ ಕಿತ್ತು ತಂದಿದ್ದ. ಪಿನ್ನು ಸೊಗಸಾಗಿ ಕೂತಿತು. ಸ್ವಿಚ್ಚಿನತ್ತ ಹೋದ ತಮ್ಮನ ಕೈಯನ್ನು ಅವಳು ಹಿಡಿದುಬಿಟ್ಟಳು.

"ಕೂತಿದ್ದು ನೋಡೇ ಆವತ್ತು ಸುಟ್ಟಿದ್ದು. ಇದು ಹನ್ನೆರಡು ವೋಲ್ಟು ಕಣೋ, ನಿಂದಕ್ಕೆ ಬೇಕಾಗಿರೋದು ಒಂಬತ್ತು. ತೆಗಿ."

ಡಬ್ಬದಲ್ಲಿ ಒಂಬತ್ತು ವೋಲ್ಟಿನದೊಂದು ಸಿಕ್ಕಿತು. ಎಲ್ಲರೂ ನಿಟ್ಟುಸಿರುಬಿಟ್ಟರು. ಅವಳು ಮಾತ್ರ ಕನ್ನಡಕ ಏರಿಸಿ ಅದರ ಮೇಲಿನ ಪುಟ್ಟ ಚಿತ್ರ ನೋಡಿದಳು: ಪಿನ್ನಿನ ನಡುವೆ ಪ್ಲಸ್. ಕೀಬೋರ್ಡಿನ ಚಿತ್ರದಲ್ಲಿ ನಡುವೆ ಮೈನಸ್. ಪೂರಾ ಉಲ್ಟಾ, ಚುಚ್ಚಿದರೆ ಇದೂ ಸುಟ್ಟೀತು. ಅದನ್ನೂ ಕೆಳಗಿಟ್ಟಳು. ಇವಳದು ಅತಿಯಾಯಿತು ಎಂದು ಹಿಂದಿನಿಂದ ಯಾರೋ ಗೊಣಗಿದರು. ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಥಟ್ಟನೆ ಹೊಳೆಯಿತು. ಎದುರು ರಸ್ತೆಯ ಕ್ಷೌರಿಕ ಗಿಟಾರು ನುಡಿಸುವವನು. ಗಿಟಾರಿನ ದನಿ ಬದಲಿಸಲು ಅವನು ಕಾಲಡಿಯಲ್ಲಿಡುವ ಪೆಟ್ಟಿಗೆಗಳ ಅಡಾಪ್ಟರಿಗೆ ಚೀಟಿ ಕಟ್ಟಿದವಳು ತಾನೇ: ಒಂಬತ್ತು ವೋಲ್ಟ್, ಎರಡು ಆಂಪಿಯರ್, ನಡುವೆ ಮೈನಸ್! ಕೀಬೋರ್ಡಿಗೆ ಒಂದು ಆಂಪಿಯರ್ ಸಾಕು, ಹೆಚ್ಚಿದ್ದರೆ ಕೇಡಿಲ್ಲ. ಬಿದ್ದೆನೋ ಎದ್ದೆನೋ ಎಂದು ಓಡಿದಳು. ಕ್ಷೌರಿಕ ಅಡಾಪ್ಟರ್ ಕೊಟ್ಟು, ಗಮ್ಮತ್ತು ನೋಡಲು ತಾನೂ ಹೊರಟ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿ.

ಚೀಟಿ, ಚಿತ್ರ, ಅಂಕಿ ಮೂರನ್ನೂ ಮತ್ತೆ ಓದಿ ಅವಳು ಅಡಾಪ್ಟರನ್ನು ತಮ್ಮನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ.

"ನೀನೇ ಹಾಕಕ್ಕಾ."

ಅವಳು ಹಾಕಿದಳು. ಕೆಂಪು ದೀಪ ಹತ್ತಿತು. ಬಗ್ಗಿ ಮೂಸಿದಳು, ಯಾವ ವಾಸನೆಯೂ ಇಲ್ಲ. ತಮ್ಮ ಮೊದಲ ಸಾಲಿನಲ್ಲೇ ತಪ್ಪಿದ, ನಕ್ಕ, ಮತ್ತೆ ಶುರುಮಾಡಿದ. ಹಾಡು ಮುಗಿದಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಅವಳೊಬ್ಬಳು ತಟ್ಟಲಿಲ್ಲ. ಬಿಸಿಯಾದೀತೆಂದು ಅಡಾಪ್ಟರಿನ ಮೇಲಿಟ್ಟ ಅಂಗೈಯನ್ನು ಅವಳು ಇನ್ನೂ ತೆಗೆದಿರಲಿಲ್ಲ.