ಪಟೇಲರ ಮನೆಯ ಸಗಣಿ ಉಂಡೆ

ಮೈಸೂರಿನಲ್ಲಿ ಈಗ ವಿಜಯನಗರ ಎಂದು ಕರೆಯುವ ಬಡಾವಣೆಯ ಒಂದು ಮೂಲೆಯಲ್ಲಿ ಹಳೆಯ ಮಾರಿಗುಡಿಯೊಂದಿದೆ. ಸುತ್ತ ಮಹಡಿ ಮನೆಗಳು ಎದ್ದು ಗುಡಿ ತಗ್ಗಿನಲ್ಲಿ ಸಿಕ್ಕಿಕೊಂಡಿದೆ. ನಾನು ಮದುವೆಯಾಗಿ ಬಂದಾಗ ಗುಡಿ ಊರಿನ ನಡುವೆ ಇತ್ತು, ಊರು ರಾಗಿ ಹೊಲಗಳ ನಡುವೆ ಇತ್ತು. ಸ್ವಾತಂತ್ರ್ಯ ಬಂದು ಇನ್ನೂ ಬಹಳ ವರ್ಷ ಆಗಿರಲಿಲ್ಲ. ನನ್ನ ತವರು ಮೈಸೂರಿನ ಜಯಲಕ್ಷ್ಮಿಪುರಂ. ಅಪ್ಪನಿಗೆ ಅಲ್ಲೊಂದು ದಿನಸಿ ಅಂಗಡಿ. ಬೆಳಿಗ್ಗೆ ಹೊರಟರೆ ಬಿಸಿಲೇರುವ ಮೊದಲು ತವರು ಸೇರಬಹುದಾಗಿತ್ತು. ಆದರೂ ಆ ಊರಿನವರಿಗೆ ನಾನು ‘ಪ್ಯಾಟೆ ಹೆಣ್ಣು’. ಪೇಟೆ ಹೆಣ್ಣು ಎಂದರೆ ಬೀಗದ ಕೈ ಕೊಡಬಾರದ ಹೆಣ್ಣು ಎಂದು ಅರ್ಥ. ನನ್ನ ಬಾಯಿಯೂ ಸ್ವಲ್ಪ ಜೋರೇ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮೂರಿಗೆ ಪೋಲೀಸ್ ಎಂದರೆ ಇಬ್ಬರೇ. ಒಬ್ಬರು ನಮ್ಮ ಮಾವ, ಊರ ಪಟೇಲರು. ಇನ್ನೊಬ್ಬ ತಳವಾರ. ಜಗಳವಿರಲಿ, ಕಳವಿರಲಿ, ದನ ಬೆಳೆಗೆ ನುಗ್ಗಿದ್ದಿರಲಿ, ಮಾವ ಜಗಲಿಯ ಮೇಲೆ ಕೂತು ತೀರ್ಮಾನ ಮಾಡುವರು. ತಳವಾರ ಊರು ಸುತ್ತಿ ಬರುವನು, ಹೊಸ ಮುಖ ಕಂಡರೆ ತಡೆದು ಕೇಳುವನು, ಮಾವ ಕರೆಸಿದವರನ್ನು ಕರೆತರುವನು. ಇದಕ್ಕೆ ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಒಂದಿಷ್ಟು ರಾಗಿ ಸಲ್ಲುತ್ತಿತ್ತು; ಅದಕ್ಕೆ ಆಯ ಎನ್ನುತ್ತಿದ್ದರು. ಇಡೀ ಊರನ್ನು ಕಾಯಲು ಬಿಟ್ಟವನ ಮೇಲೆ ಊರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ ಎಂಬುದು ನನಗೆ ಬಂದ ಹೊಸದರಲ್ಲೇ ಗೊತ್ತಾಯಿತು. ಏನು ಕಳೆದರೂ ಮೊದಲ ಅನುಮಾನ ಅವನ ಮೇಲೆಯೇ. ಯಾವ ಮನೆಯ ಹಿತ್ತಿಲ ಅಗುಳಿ ಸಡಿಲ ಎಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು ಎನ್ನುವರು. ನಿಜವಾದ ಪೋಲೀಸ್ ಸ್ಟೇಷನ್ನು ಮೈಸೂರಿನಲ್ಲಿತ್ತು. ಅಲ್ಲಿಂದ ದಫೇದಾರ ಸೈಕಲ್ಲಿನಲ್ಲಿ ಬಂದನೆಂದರೆ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು. ಅವನ ಹಿಂದೆ ಹೋದವರು ಹೋದ ಹಾಗೇ ವಾಪಸು ಬರುವುದಿಲ್ಲ ಎಂಬ ಮಾತಿತ್ತು.

ನಮ್ಮ ಅತ್ತೆಯ ಓಲೆ ಕಳೆದದ್ದು ಒಂದು ಶನಿವಾರ ಬೆಳಿಗ್ಗೆ. ಕೆಂಪು ಹರಳಿನ ಜೋಡಿ ಓಲೆ, ಅವರ ತಾಯಿಯ ಕಾಲದ್ದು. ಎಣ್ಣೆ ನೀರು ಹಾಕಿಕೊಳ್ಳುವಾಗ ಬಿಚ್ಚಿ ಬಚ್ಚಲ ಗೋಡೆಯ ಗೂಡಿನಲ್ಲಿ ಇಡುವುದು ಅವರ ರೂಢಿ. ಅವತ್ತೂ ಇಟ್ಟಿದ್ದರು. ತಲೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದು, ನೆನಪಾಗಿ ತಿರುಗಿ ಹೋಗುವಷ್ಟರಲ್ಲಿ ಗೂಡು ಬರಿದಾಗಿತ್ತು.

“ತಳವಾರ ಸೌದೆ ತಂದಿದ್ನಲ್ಲ, ಅವ್ನೇಯ. ಇನ್ಯಾರು ಬಂದಿದ್ರು ಇತ್ಲಿಗೆ?” ಎಂದರು ಅತ್ತೆ.

ತಳವಾರ ಸೌದೆ ತಂದದ್ದು ನಿಜ. ಆದರೆ ಹಿತ್ತಿಲಲ್ಲಿ ಸೌದೆ ಒಟ್ಟಿ, ಬೀದಿ ಬಾಗಿಲಿಗೆ ಬಂದು, ನಾನು ಕೊಟ್ಟ ಮಜ್ಜಿಗೆ ಕುಡಿದು ಅವನು ಹೊರಟುಹೋದ ಮೇಲೆಯೇ ಅತ್ತೆ ತಲೆಗೆ ಎಣ್ಣೆ ಇಟ್ಟುಕೊಂಡದ್ದು. ಎಣ್ಣೆ ಕಾಯಿಸಿ ಕೊಟ್ಟವಳೇ ನಾನು. ಅದನ್ನು ಹೇಳಿದೆ. ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ನಿಂಗ್ಯಾಕವ್ವ ಅವನ ಮ್ಯಾಲೆ ಅಷ್ಟ್ ಕಕ್ಕುಲಾತಿ?” ಎಂದರು. ನಾನು ಎಣ್ಣೆ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ.

ಮಾವ ತಳವಾರನನ್ನು ಕರೆಸಿದರು. ಅವನು ಅಂಗಳದಲ್ಲಿ ನಿಂತು ಮಾರಮ್ಮನ ಮೇಲೆ ಆಣೆ ಇಟ್ಟ. ಮಾವ ಬೈಯಲಿಲ್ಲ, ಕೂಗಲಿಲ್ಲ. “ನಾಳೆ ಹೊತ್ತು ಇಳಿಯೋದ್ರೊಳಗೆ ಓಲೆ ಬರ್ಬೇಕು ಕಣೋ. ಬರ್ಲಿಲ್ಲ ಅಂದ್ರೆ ದಫೇದಾರ್ರು ಬತ್ತಾರೆ. ಆಮೇಲೆ ನನ್ ಕೈಲಿಲ್ಲ” ಎಂದರು. ಅವನ ಹೆಂಡತಿ ಬೀದಿಯಾಚೆ ಬೇವಿನ ಮರದ ಕೆಳಗೆ ಕೂಸು ಎತ್ತಿಕೊಂಡು ನಿಂತಿದ್ದಳು. ಅವಳು ಅಳುತ್ತಿರಲಿಲ್ಲ. ನಮ್ಮ ಮನೆಯ ಬಾಗಿಲನ್ನೇ ನೋಡುತ್ತಿದ್ದಳು.

ಇಂಥ ಹೊತ್ತಿಗೆಂದೇ ಊರಿನಲ್ಲಿ ಒಂದು ಪದ್ಧತಿ ಇತ್ತು. ಮಾರಿಗುಡಿಯ ಒಳಗಿನ ಕತ್ತಲ ಕೋಣೆಯಲ್ಲಿ ಒಂದು ದೊಡ್ಡ ಹಂಡೆ ಇಡುವರು. ಮನೆಮನೆಯಿಂದ ಒಬ್ಬೊಬ್ಬರೇ ಹೋಗಿ ಒಂದೊಂದು ಸಗಣಿ ಉಂಡೆ ಹಾಕಿ ಬರಬೇಕು. ಕದ್ದವರು ಉಂಡೆಯೊಳಗೆ ಒಡವೆ ಇಟ್ಟು ಹಾಕಬಹುದು. ಆಮೇಲೆ ಎಲ್ಲರ ಎದುರು ನೀರು ಹೊಯ್ದು ಕರಗಿಸುವರು. ಒಡವೆ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಯಾರ ಉಂಡೆ ಎಂದು ಯಾರೂ ಕೇಳುವ ಹಾಗಿಲ್ಲ. ‘ನಾನಲ್ಲ’ ಎಂದು ಯಾರೂ ಹೇಳುವ ಹಾಗೂ ಇಲ್ಲ, ಯಾಕೆಂದರೆ ಹಾಗೆ ಹೇಳಿದರೆ ಉಳಿದವರ ಕಡೆ ಬೆರಳು ತೋರಿಸಿದಂತೆ. ಹಾವೂ ಸಾಯದೆ ಕೋಲೂ ಮುರಿಯದೆ ಊರು ನಡೆಯಬೇಕಲ್ಲ, ಅದಕ್ಕೆ ಹಿರಿಯರು ಮಾಡಿದ ಉಪಾಯ. ನಾನು ಮೊದಲ ಸಲ ಕೇಳಿದಾಗ ಇದು ಬುದ್ಧಿವಂತಿಕೆ ಎಂದೇ ಅನ್ನಿಸಿತ್ತು.

ಅವತ್ತು ಸಂಜೆ ಊರೆಲ್ಲ ಉಂಡೆ ಹಾಕಿತು. ಭಾನುವಾರ ಬೆಳಿಗ್ಗೆ ಹಂಡೆಗೆ ನೀರು ಹೊಯ್ದರು. ಓಲೆ ಸಿಗಲಿಲ್ಲ. ಆದರೆ ತಳದಲ್ಲಿ ಒಂದು ಬೆಳ್ಳಿಯ ಸುಣ್ಣದ ಡಬ್ಬಿ ಸಿಕ್ಕಿತು! ಅದು ಲೆಕ್ಕ ಬರೆಯುವ ಶಾನುಭೋಗರದು, ಹಿಂದಿನ ವರ್ಷದ ಗೌರಿ ಹಬ್ಬದಲ್ಲಿ ಕಳೆದದ್ದು. ಯಾವನೋ ಹೆದರಿಕೊಂಡು ಹಳೇ ಪಾಪವನ್ನೂ ಇದೇ ಹಂಡೆಗೆ ಹಾಕಿಬಿಟ್ಟಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ಬೇರೆ ಯಾರೂ ನಗಲಿಲ್ಲ. ಶಾನುಭೋಗರು ಡಬ್ಬಿ ತೊಳೆದುಕೊಂಡು ನಿಂತವರ ಮುಖವನ್ನೆಲ್ಲ ಒಂದೊಂದಾಗಿ ನೋಡಿದರು. ಅವರು ನೋಡಿದ್ದನ್ನು ಕಂಡು ಉಳಿದವರೂ ಅಕ್ಕಪಕ್ಕ ನೋಡತೊಡಗಿದರು. ಅವತ್ತು ನಮ್ಮ ಬೀದಿಯಲ್ಲಿ ಒಲೆಗೆ ಕೆಂಡ ಕೇಳಲು ಯಾರೂ ಯಾರ ಮನೆಗೂ ಹೋಗಲಿಲ್ಲ.

ಮಾವ ಮೈಸೂರಿಗೆ ಆಳು ಕಳಿಸಿದರು. ದಫೇದಾರ ಮಧ್ಯಾಹ್ನದ ಮೇಲೆ ಬರುವುದೆಂದಾಯಿತು. ತಳವಾರನನ್ನು ನಮ್ಮ ಜಗಲಿಯ ಕೆಳಗೇ ಕೂರಿಸಿದ್ದರು. ಓಡಿಹೋಗದಂತೆ ಕಾಯಲು ಇಬ್ಬರು ಒಕ್ಕಲುಗಳು. ಕಾಯುವವನನ್ನೇ ಕಾಯುವ ಕೆಲಸ ಅವರಿಗೆ ಹೊಸದು, ಮುಖ ಎಲ್ಲಿ ತಿರುಗಿಸಬೇಕೆಂದು ಗೊತ್ತಾಗದೆ ಬೀಡಿ ಸೇದುತ್ತಿದ್ದರು.

ಒಳಗೆ ಗಂಡಸರಿಗೆ ಹಿಟ್ಟಿನ ಮುದ್ದೆ, ಸಾರು ಬಡಿಸುತ್ತಿದ್ದೆ. ಮಾವ, ನನ್ನ ಗಂಡ, ಮೈದುನ ಸಾಲಾಗಿ ಕೂತಿದ್ದರು. ಅತ್ತೆ ಕಂಬಕ್ಕೆ ಒರಗಿದ್ದರು. ಆಗ ನನಗೆ ಒಂದು ವಿಷಯ ಹೊಳೆಯಿತು. ಊರಿನ ಎಲ್ಲ ಮನೆಯವರೂ ಉಂಡೆ ಹಾಕಿದ್ದರು, ನಮ್ಮ ಮನೆಯೊಂದನ್ನು ಬಿಟ್ಟು. ಪಟೇಲರ ಮನೆಯಿಂದ ಉಂಡೆ ಕೇಳುವವರು ಯಾರು? ಓಲೆ ಕಳೆದುಕೊಂಡವರೂ ನಾವೇ, ನ್ಯಾಯ ಹೇಳುವವರೂ ನಾವೇ. ಅಂದರೆ ಈ ನಾಲ್ಕು ಗೋಡೆಯೊಳಗೆ ಯಾರಾದರೂ ಎತ್ತಿದ್ದರೆ, ವಾಪಸು ಕೊಡಲು ಅವರಿಗೆ ದಾರಿಯೇ ಇರಲಿಲ್ಲ. ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಮೈದುನನನ್ನು ನೋಡಿದೆ, ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಟಾಕೀಸು ನೋಡುವ ಹುಚ್ಚು ಅವನಿಗೆ. ಗಂಡನನ್ನು ನೋಡಿದೆ, ಅವರ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಆವರೆಗೂ ಸರಿಯಾಗಿ ತಿಳಿದಿರಲಿಲ್ಲ. ಅತ್ತೆಯನ್ನೂ ಬಿಡಲಿಲ್ಲ. ಮದುವೆಯಾಗಿ ಹೋದ ಮಗಳು ಆ ಓಲೆಯ ಮೇಲೆ ಕಣ್ಣಿಟ್ಟಿದ್ದಳು, ಕೊಟ್ಟರೆ ಸೊಸೆಗೆ ಮೋಸ ಎಂದು ಮಾವ ಅಡ್ಡ ಬಂದಿದ್ದರು. ಆ ಮಾವನನ್ನೂ ನೋಡಿದೆ. ಒಂದೇ ಮನೆಯಲ್ಲಿ ಉಂಡು ಮಲಗುವವರನ್ನು ಹಾಗೆ ನೋಡುವುದು ಕೆಟ್ಟದ್ದು. ಆದರೆ ಒಮ್ಮೆ ನೋಡಿದ ಮೇಲೆ ನಿಲ್ಲಿಸಲು ಆಗುವುದಿಲ್ಲ.

“ನಮ್ಮನೆಯೋರೂ ಉಂಡೆ ಇಡ್ಬೇಕಲ್ವಾ ಮಾವ?” ಎಂದೆ.

ನಾನು ಮಾವನ ಎದುರು ಬಾಯಿ ಬಿಟ್ಟದ್ದು ಅದೇ ಮೊದಲು. ಅತ್ತೆ ಕಂಬ ಬಿಟ್ಟು ಎದ್ದರು. “ಏನಂದೆ? ಪಟೇಲ್ರ ಮನೆಯೋರು ಸಗಣಿ ಉಂಡೆ ಇಕ್ಕೋದಾ? ಊರು ನಗಾಕಿಲ್ವಾ? ನಿಮ್ ಪ್ಯಾಟೇಲಿ ಇಂಗೇಯ ಮಾತಾಡೋದು?”

“ಆಚೆ ಕೂತಿರೋನ್ಗೆ ಕೈಕಾಲು ಮುರುದ್ರೆ ಯಾರ್ ತಂದ್ಕೊಡ್ತಾರೆ ಅತ್ತೆ? ಅವನು ಹೋದ್ಮೇಲೆ ನೀವು ಓಲೆ ಬಿಚ್ಚಿದ್ದು. ನಾನು ನೋಡಿದೀನಿ” ಎಂದೆ. ಸಿಟ್ಟಿನಲ್ಲಿ ನನ್ನ ದನಿ ಜಗಲಿಯವರೆಗೂ ಹೋಗಿರಬೇಕು.

ಮಾವ ತುತ್ತು ಕೆಳಗಿಟ್ಟರು. ಜಗಲಿಯ ಕಡೆ ನೋಡಿದರು. ಕೊನೆಗೆ, “ಅವ್ಳು ಹೇಳೋದು ಸರಿ. ಕೊಟ್ಟಿಗೇಲಿ ಕೊಳಗ ಇಡು. ಎಲ್ಲಾರೂ ಒಬ್ಬೊಬ್ರೇ ಹೋಗ್ಬನ್ನಿ. ನಾನೂ ಹೋಯ್ತೀನಿ” ಎಂದರು.

ಕೊಟ್ಟಿಗೆಯ ಬಾಗಿಲು ಮುಂದೆ ಎಳೆದು ಒಬ್ಬೊಬ್ಬರೇ ಹೋಗಿಬಂದೆವು. ನಾನು ಹೋದಾಗ ಕೊಳಗದಲ್ಲಿ ಆಗಲೇ ಉಂಡೆಗಳಿದ್ದವು. ಮುಟ್ಟಿ ನೋಡಬೇಕೆಂದು ಕೈ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ನನ್ನದನ್ನು ಹಾಕಿ ಬಂದೆ. ಆಮೇಲೆ ಮಾವ ಕೊಳಗವನ್ನು ಹಿತ್ತಿಲಿಗೆ ಒಯ್ದು ತಾವೇ ನೀರು ಹೊಯ್ದರು. ನಾವು ಸುತ್ತ ನಿಂತಿದ್ದೆವು. ಕೈ ಹಾಕಿ ಕಲಕಿದವರು ತಟ್ಟನೆ ನಿಲ್ಲಿಸಿದರು. ಮುಷ್ಟಿ ತೆರೆದಾಗ ಎರಡೂ ಓಲೆ ಅಲ್ಲಿದ್ದವು.

ಮಾವ ಓಲೆ ತೊಳೆದು ಅತ್ತೆಯ ಕೈಗೆ ಕೊಟ್ಟು, ಹೊರಗೆ ಹೋಗಿ, “ಸಿಕ್ತು ಕಣೋ, ಗೂಡಿನ ಕೆಳಗೆ ಬಿದ್ದಿತ್ತಂತೆ. ಹೋಗು ಮನೆಗೆ” ಎಂದರು. ತಳವಾರ ಅಲ್ಲೇ ನೆಲಕ್ಕೆ ಅಡ್ಡಬಿದ್ದ. ದಫೇದಾರ ಬಂದು, ಎಳನೀರು ಕುಡಿದು, ಬಂದ ಸೈಕಲ್ಲಿನಲ್ಲೇ ವಾಪಸು ಹೋದ. ನನಗೆ ಎಷ್ಟು ಸಂತೋಷವಾಯಿತೆಂದರೆ, ಯಾರು ಕದ್ದರು ಎನ್ನುವುದು ಆ ಗಳಿಗೆಗೆ ಮರೆತೇಹೋಗಿತ್ತು.

ಉಳಿದವರು ಮರೆತಿರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಅತ್ತೆ ತಾವೇ ಬಂದು ನನ್ನ ತಟ್ಟೆಗೆ ತುಪ್ಪ ಹಾಕಿದರು. ಮದುವೆಯಾದಾಗಿನಿಂದ ಹಾಕಿದವರಲ್ಲ. “ತಿನ್ನು ಮಗಾ. ಆಗಿದ್ ಆಯ್ತು. ವಯಸ್ಸು ಅಂಗೇಯ, ಕಣ್ಣಿಗೆ ಕಂಡಿದ್ದೆಲ್ಲ ಬೇಕು ಅನ್ನುಸ್ತದೆ” ಎಂದರು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ಆದಾಗ ಮೈಯೆಲ್ಲ ಉರಿಯಿತು. “ಅತ್ತೆ, ನಾನಲ್ಲ” ಎಂದೆ.

“ಶ್! ಅಂಗನ್ಬಾರ್ದು. ಯಾರು ಅಂತ ನಾನ್ ಕೇಳುದ್ನಾ? ಉಂಡೆ ಇಕ್ಕಿದ್ಮ್ಯಾಲೆ ಮುಗೀತು.” ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಅದನ್ನು ಸಹಿಸುವುದಕ್ಕಿಂತ ಏಟು ತಿನ್ನುವುದು ವಾಸಿ.

ಯೋಚಿಸಿದರೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ಉಂಡೆ ಇಡೋಣ ಎಂದು ಹಟ ಹಿಡಿದವಳು ಯಾರು? ವಾಪಸು ಕೊಡಲು ದಾರಿ ಬೇಕಾಗಿದ್ದವಳೇ ಅಲ್ಲವೇ? ನಾನು ಬೇರೆಯವರ ವಿಷಯದಲ್ಲಿ ನೋಡಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಗಂಡ ನನ್ನನ್ನು ಏನೂ ಕೇಳಲಿಲ್ಲ. ಅವತ್ತಲ್ಲ, ಅವರು ಬದುಕಿರುವವರೆಗೂ ಕೇಳಲಿಲ್ಲ. ನನ್ನ ಮೇಲಿನ ನಂಬಿಕೆಯಿಂದ ಕೇಳಲಿಲ್ಲವೋ, ನಾನಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿದ್ದುದರಿಂದ ಕೇಳಲಿಲ್ಲವೋ? ಅವರ ಜೊತೆ ಒಂದು ಆಯುಷ್ಯವೇ ಸಂಸಾರ ಮಾಡಿದೆ, ಇದೊಂದು ತಿಳಿಯಲಿಲ್ಲ. ಮೈದುನ ಮಾತ್ರ ಅಂದಿನಿಂದ ನನಗೆ ಹೆಚ್ಚು ಮರ್ಯಾದೆ ಕೊಡತೊಡಗಿದ. ಅದೂ ನನ್ನ ಅನುಮಾನಕ್ಕೆ ಮೇವಾಯಿತು.

ಆ ವರ್ಷದ ಸುಗ್ಗಿಯಲ್ಲಿ ತಳವಾರ ಆಯಕ್ಕೆ ನಮ್ಮ ಕಣಕ್ಕೆ ಬಂದ. ಗಂಡಸರು ದೂರದಲ್ಲಿ ರಾಗಿ ತೆನೆಯ ಮೇಲೆ ಎತ್ತುಗಳಿಂದ ಕಲ್ಲುಗುಂಡು ಎಳೆಸುತ್ತಿದ್ದರು. ಅವನ ಪಾಲಿನ ರಾಗಿಯನ್ನು ನಾನೇ ಮೊರದಲ್ಲಿ ತುಂಬಿ ಅವನು ಹಾಸಿದ ಕಂಬಳಿಗೆ ಸುರಿದೆ. ಅವತ್ತು ಜಗಲಿಯ ಕೆಳಗೆ ಕೂತು ನನ್ನ ಮಾತು ಕೇಳಿಸಿಕೊಂಡ ಇವನೊಬ್ಬನಿಗಾದರೂ ನಾನು ಏನು ಮಾಡಿದೆ ಎಂದು ಗೊತ್ತಿದೆಯಲ್ಲ ಎಂಬ ಸಮಾಧಾನ ನನಗೆ. ಯಾರಿಗೂ ಹೇಳಲಾಗದ್ದನ್ನು ಇವನ ಬಾಯಲ್ಲಿ ಕೇಳಬೇಕೆಂದು ಆಸೆಯಾಗಿತ್ತು.

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ನಿಮ್ಮಿಂದ ಉಳ್ಕಂಡೆ ಅವ್ವಾ. ನಾ ಎತ್ತಿಲ್ಲ ಅಂತ ಊರಲ್ಲಿ ಯಾರ್ಗೂ ಗೊತ್ತಿರ್ನಿಲ್ಲ, ನಿಮ್ಗೆ ಗೊತ್ತಿತ್ತು. ನೀವು ದೊಡ್ಡ ಮನಸ್ ಮಾಡಿ ವಾಪಸ್ ಇಕ್ದೆ ಇದ್ದಿದ್ರೆ ನನ್ ಹೆಂಡ್ರು ಮಕ್ಳು ಬೀದಿಗ್ ಬೀಳೋರು.”

ಮೊರ ನನ್ನ ಕೈಯಲ್ಲೇ ಉಳಿಯಿತು. “ನಾನಲ್ಲ ಕಣಪ್ಪ. ನೀನು ಹೋಗಿದ್ದನ್ನ ನಾನು ನೋಡಿದ್ದೆ, ಅದಕ್ಕೆ ಹೇಳ್ದೆ” ಎಂದೆ.

ಅವನು ನನ್ನ ಮುಖ ನೋಡಿ ಪಾಪ ಎನ್ನುವಂತೆ ತಲೆಯಾಡಿಸಿದ. “ಊಂ ಕಣವ್ವಾ, ನೀವಲ್ಲ. ನನ್ ಬಾಯಿಂದ ಆಚೀಗೆ ಬರಾಕಿಲ್ಲ ಬುಡಿ” ಎಂದು ಕೈ ಮುಗಿದು, ಕಂಬಳಿ ಗಂಟು ಹೆಗಲಿಗೆ ಏರಿಸಿಕೊಂಡು ಪಕ್ಕದ ಕಣಕ್ಕೆ ಹೋದ.